ಹಾಡಿನ ಜೊತೆಗೆ ಬಂದ ಮಾತು

ಬ್ರೆಜಿಲ್ಲಿನಲ್ಲಿ ಬರೆಯುವ ಪೋರ್ಚುಗೀಸ್ ಬೇರೆ, ಆಡುವ ಪೋರ್ಚುಗೀಸ್ ಬೇರೆ. ‘ಎಲ್ಲಿಗೆ ಹೋಗುತ್ತಿದ್ದೀಯೆ’ ಎಂದು ಬರೆದು ‘ಎಲ್ಲಿಗ್ ಹೊಂಟೆ’ ಎಂದು ಕೇಳುವ ನಮಗೆ ಇದೇನೂ ಹೊಸದಲ್ಲ. ಆದರೆ ಹೊರಗಿನಿಂದ ಬಂದು ಕಲಿಯುವವರಿಗೆ ಆ ಅಂತರ ಬಹಳ ದೊಡ್ಡದು. ಪುಸ್ತಕದಲ್ಲಿ ‘ವೊಸೆ ಎಸ್ತಾ’ ಎಂದಿರುತ್ತದೆ, ಬೀದಿಯಲ್ಲಿ ಕಿವಿಗೆ ಬೀಳುವುದು ‘ಸೆ ತಾ’. ‘ನಾವು’ ಅನ್ನಲು ಪುಸ್ತಕ ‘ನೋಸ್’ ಎಂಬುದನ್ನು ಕಲಿಸಿ, ಅದಕ್ಕೆ ಹೊಂದುವ ಕ್ರಿಯಾಪದದ ರೂಪಗಳನ್ನೆಲ್ಲ ಉರು ಹೊಡೆಸುತ್ತದೆ. ಜನ ಮಾತ್ರ ‘ಅ ಜೆಂಚಿ’ ಅಂದುಬಿಡುತ್ತಾರೆ. ‘ಜನ’ ಎಂಬ ಅರ್ಥದ ಆ ಪದಕ್ಕೆ ಏಕವಚನದ ಕ್ರಿಯಾಪದವೇ ಸಾಕು. ‘ಹೋಗೋಣ ನಡೀರಿ’ ಅನ್ನಲು ಪುಸ್ತಕದಲ್ಲಿರುವುದು ‘ವಾಮುಸ್ ಎಂಬೋರಾ’. ಅದು ಬಾಯಲ್ಲಿ ಸವೆದು ‘ವಾಂಬೋರಾ’ ಆಗಿ, ಕೊನೆಗೆ ಬರೀ ‘ಬೋರಾ’ ಆಗಿ ಉಳಿದಿದೆ. ಈ ಸಣ್ಣ ಸಣ್ಣ ಮಾತುಗಳನ್ನೆಲ್ಲ ನನಗೆ ಕಲಿಸಿದ್ದು ಹಾಡುಗಳು. ಪದದ ಜೊತೆಗೆ ಆ ಪದ ಯಾರದು, ಯಾರು ಯಾರಿಗೆ ಹೇಳುವಂಥದ್ದು, ಯಾರು ಹೇಳಿದರೆ ಸಲಿಗೆ, ಯಾರು ಹೇಳಿದರೆ ಬೈಗುಳ ಎಂಬುದನ್ನೂ ಅವೇ ಕಲಿಸಿದವು. ಯಾವ ನಿಘಂಟೂ ನನಗೆ ಈ ಎರಡನೆಯ ಪಾಠ ಮಾಡಲಿಲ್ಲ.

2016ರಲ್ಲಿ ಬೆಂಗಳೂರಿನ ಕಂಪನಿಯೊಂದು ನನ್ನನ್ನು ಸಾವೊ ಪಾಲೊಗೆ ಕಳಿಸಿತು. ವಿಮಾನ ಹತ್ತುವ ಮೊದಲೇ ಒಂದು ವ್ಯಾಕರಣದ ಪುಸ್ತಕವನ್ನು ಓದಿ ಮುಗಿಸಿದ್ದೆ. ಕರಾವಳಿಯವಳಾದ್ದರಿಂದ ಒಂದಷ್ಟು ಪದಗಳು ಮೊದಲಿನಿಂದಲೂ ನಾಲಿಗೆಯ ಮೇಲಿದ್ದವು: ಚಾವಿ, ಬಾಲ್ದಿ, ಪಗಾರ, ಪಾದ್ರಿ, ಇಗರ್ಜಿ. ನಮ್ಮ ನೆರೆಮನೆಯ ಕೊಂಕಣಿ ಮಾತಿನ ಬಾಯಮ್ಮ ಕಿಟಕಿಗೆ ‘ಜನೆಲ್’ ಅನ್ನುತ್ತಿದ್ದರು. ಸಾವೊ ಪಾಲೊದಲ್ಲಿ ಕಿಟಕಿಗೆ ‘ಜನೇಲಾ’ ಅಂದಾಗ ಊರಿನವರೊಬ್ಬರು ಸಿಕ್ಕಷ್ಟು ಸಂತೋಷವಾಯಿತು. ಆದರೆ ಇವೆಲ್ಲ ಸಾಮಾನಿನ ಹೆಸರುಗಳು, ಚರ್ಚಿನ ಹೆಸರುಗಳು, ಸಂಬಳದ ಹೆಸರುಗಳು. ಮನುಷ್ಯರು ಮನುಷ್ಯರ ಮೇಲೆ ಮುನಿಸಿಕೊಳ್ಳುವ, ರಮಿಸುವ, ಸಾಲ ಕೇಳುವ, ನೆಪ ಹೇಳುವ ಮಾತುಗಳು ಹಡಗು ಹತ್ತಿ ನಮ್ಮ ಕಡೆ ಬಂದಿರಲಿಲ್ಲ.

ಆಫೀಸಿನ ಮೀಟಿಂಗುಗಳಲ್ಲಿ ನನಗೆ ತೊಂದರೆಯಿರಲಿಲ್ಲ. ಅಲ್ಲಿ ಎಲ್ಲರೂ ಪುಸ್ತಕದ ಹತ್ತಿರ ಹತ್ತಿರವೇ ಮಾತಾಡುತ್ತಿದ್ದರು. ಊಟಕ್ಕೆ ಕೂತರೆ ಸಾಕು, ಅದೇ ಜನ ಬೇರೆಯೇ ಭಾಷೆಗೆ ಇಳಿಯುತ್ತಿದ್ದರು. ಹಣಕ್ಕೆ ‘ಜಿನ್ಯೇರು’ ಹೋಗಿ ‘ಗ್ರಾನಾ’ ಬರುತ್ತಿತ್ತು, ಕೆಲಸಕ್ಕೆ ‘ತ್ರಬಾಲ್ಯು’ ಹೋಗಿ ‘ತ್ರಾಂಪು’, ಬಸ್ಸಿಗೆ ‘ಓನಿಬುಸ್’ ಹೋಗಿ ‘ಬುಜಾಂವ್’. ನಗುವಿನ ಹೊತ್ತಿನಲ್ಲಿ ಅರ್ಥವಾಗದೆ ಸುಮ್ಮನೆ ಕೂರುವುದಕ್ಕಿಂತ ಹೆಚ್ಚಿನ ಒಂಟಿತನ ಪರದೇಶದಲ್ಲಿ ಮತ್ತೊಂದಿಲ್ಲ.

ನಾನು ಬಾಡಿಗೆಗಿದ್ದದ್ದು ಬಿಶೀಗಾದಲ್ಲಿ. ನಕ್ಷೆಯಲ್ಲಿ ಆ ಬಡಾವಣೆಯ ಹೆಸರು ಬೇಲಾ ವಿಸ್ತಾ, ಬಾಯಲ್ಲಿ ಬಿಶೀಗಾ. ದಕ್ಷಿಣ ಇಟಲಿಯಿಂದ ಬಂದವರು ನೆಲೆನಿಂತ ಜಾಗ ಅದು. ಅವರ ಮಗ್ಗುಲಲ್ಲೇ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಮನೆಗಳೂ ಇದ್ದವು; ವಾಯ್-ವಾಯ್ ಎಂಬ ಹೆಸರಾಂತ ಸಾಂಬಾ ಶಾಲೆ ಹುಟ್ಟಿದ್ದು ಇದೇ ಓಣಿಗಳಲ್ಲಿ. ನನ್ನ ಮನೆಯೊಡತಿ ನಿವೃತ್ತ ಪ್ರಾಥಮಿಕ ಶಾಲೆಯ ಟೀಚರು, ಇಟಲಿಯಿಂದ ಬಂದವರ ಮೊಮ್ಮಗಳು. ನನ್ನನ್ನು ‘ಮಿನ್ಯಾ ಫಿಲ್ಯಾ’, ಮಗಳೇ, ಎಂದೇ ಕರೆಯುತ್ತಿದ್ದರು. ನಾನು ಅವರ ಹೆಸರಿಗೆ ಮೊದಲು ‘ದೋನಾ’ ಸೇರಿಸುತ್ತಿದ್ದೆ. ಅಲ್ಲಿ ಹಿರಿಯ ಹೆಂಗಸರಿಗೆ ಸಲ್ಲಬೇಕಾದ ಮರ್ಯಾದೆ ಅದು. ಭಾನುವಾರ ಬೆಳಿಗ್ಗೆ ಅವರು ಟೊಮೆಟೊ ಸಾಸನ್ನು ಸಣ್ಣ ಉರಿಯಲ್ಲಿ ಕುದಿಯಲಿಟ್ಟು ಹಳೆಯ ಸಾಂಬಾಗಳನ್ನು ಹಾಕುವರು. ಅಲ್ಲಿಯೇ ನಾನು ಮೊದಲ ಸಲ ಅದೊನಿರಾನ್ ಬರ್ಬೋಜಾ ಅವರ ದನಿ ಕೇಳಿದ್ದು.

ಅವರ ನಿಜವಾದ ಹೆಸರು ಜೊವಾಂವ್ ರುಬಿನಾತು. ಇಟಲಿಯಿಂದ ಬಂದ ದಂಪತಿಗಳಿಗೆ 1910ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಊಟದ ಡಬ್ಬಿ ಹಂಚಿದರು, ಮುಂದೆ ಇನ್ನೂ ಹಲವು ಕೂಲಿ ಕೆಲಸ ಮಾಡಿದರು, ಕೊನೆಗೆ ರೇಡಿಯೊ ಕಲಾವಿದರಾದರು. ರೇಡಿಯೊದಲ್ಲಿ ಬಡ ಗುಡಿಸಲುಗಳ ಜನರ ಪಾತ್ರ ಮಾಡಲು ಬೀದಿಯ ಮಾತನ್ನು ಕಿವಿಗೊಟ್ಟು ಕೇಳಿದರು. ಹಾಡು ಬರೆಯುವಾಗ ಅದೇ ಮಾತನ್ನು ಹಾಗೇ ಇಳಿಸಿದರು. ಅವರ ಪ್ರಸಿದ್ಧ ಹಾಡೊಂದರಲ್ಲಿ ಹಾಳುಬಿದ್ದ ಹಳೆಯ ಮನೆಯೊಂದರಲ್ಲಿ ಬೀಡುಬಿಟ್ಟಿದ್ದ ಮೂವರು ಗೆಳೆಯರ ಕಣ್ಣೆದುರೇ ಮನೆಯನ್ನು ಕೆಡವುತ್ತಾರೆ, ಅಲ್ಲಿ ಎತ್ತರದ ಕಟ್ಟಡ ಏಳುತ್ತದೆ. ಇನ್ನೊಂದರಲ್ಲಿ ಗೆಳೆಯ ಮನೆಗೆ ಕರೆದು ತಾನೇ ಇಲ್ಲವಾಗಿರುತ್ತಾನೆ. ಬಾಗಿಲಿಗೆ ಒಂದು ಚೀಟಿಯಾದರೂ ಸಿಕ್ಕಿಸಬಾರದಿತ್ತೇ ಎಂದು ಬಂದವರು ಮುನಿಸಿಕೊಳ್ಳುತ್ತಾರೆ. 1964ರ ‘ತ್ರೇಂ ದಾಸ್ ಓನ್ಜಿ’, ಹನ್ನೊಂದರ ರೈಲು, ಊರಿಗೆಲ್ಲ ಬಾಯಿಪಾಠ. ರಾತ್ರಿ ಹನ್ನೊಂದರ ರೈಲು ತಪ್ಪಿದರೆ ಬೆಳಗಿನವರೆಗೆ ಬೇರೆ ಇಲ್ಲ, ಅಮ್ಮ ನಿದ್ದೆಗೆಟ್ಟು ಕಾಯುತ್ತಾಳೆ, ನಾನೊಬ್ಬನೇ ಮಗ ಎಂದು ಹುಡುಗ ತನ್ನ ಹುಡುಗಿಗೆ ಹೇಳಿ ಎದ್ದು ಹೊರಡುತ್ತಾನೆ. ಅವನು ಹೋಗಬೇಕಾದ ಜಸನಾಂ ಊರಿನ ಉತ್ತರದ ಅಂಚಿನಲ್ಲಿರುವ ಬಡಾವಣೆ. ಆ ರೈಲು 1965ರಲ್ಲಿ ನಿಂತೇ ಹೋಯಿತು, ಹಾಡು ನಿಲ್ಲಲಿಲ್ಲ.

ಈ ಹಾಡುಗಳನ್ನು ಕೇಳುತ್ತ ನನ್ನ ವ್ಯಾಕರಣವೆಲ್ಲ ಕದಲಿತು. ಬಹುವಚನವನ್ನು ಅವರು ಒಂದೇ ಕಡೆ, ಮೊದಲ ಪದಕ್ಕೆ ಮಾತ್ರ ಹಚ್ಚುತ್ತಿದ್ದರು. ಪುಸ್ತಕದ ಪ್ರಕಾರ ‘ಉಸ್ ಲಿವ್ರುಸ್’ ಅನ್ನಬೇಕಾದಲ್ಲಿ ಬೀದಿಯ ಮಾತಿನಲ್ಲಿ ‘ಉಸ್ ಲಿವ್ರು’. ಉಳಿದ ಪರದೇಶಿಯರಿಗೆ ಇದು ವಿಚಿತ್ರವಾಗಿ ಕಂಡಿರಬಹುದು, ನನಗೆ ಸರಾಗವಾಗಿ ಒಗ್ಗಿತು. ನಾವೂ ‘ಹತ್ತು ಪುಸ್ತಕ’ ಅನ್ನುವವರೇ, ‘ಮೂರು ದಿನ’ ಅನ್ನುವವರೇ. ಹತ್ತು ಅಂದಮೇಲೆ ಮತ್ತೆ ‘ಗಳು’ ಯಾಕೆ?

ಒಂದು ಭಾನುವಾರ ಮನೆಯೊಡತಿ ಹಾಕಿದ ಹಾಡಿನಲ್ಲಿ ‘ತಾವ್ಬಾ’ ಎಂಬ ಪದ ಕೇಳಿಸಿತು. ಎಷ್ಟು ಹುಡುಕಿದರೂ ನಿಘಂಟಿನಲ್ಲಿ ಸಿಗಲಿಲ್ಲ. ಅವರನ್ನು ಕೇಳಿದೆ.

“ತಾಬುವಾ. ಹಲಗೆ,” ಅಂದರು.

“ಹಾಗಾದರೆ ತಾವ್ಬಾ ಅನ್ನೋದು ತಪ್ಪಲ್ಲವಾ ದೋನಾ?”

ಅವರು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ ಇಟ್ಟರು. “ಶಾಲೆಯಲ್ಲಿ ತಪ್ಪು ಮಗಳೇ. ಎಷ್ಟೋ ಮಕ್ಕಳ ನೋಟ್‌ಬುಕ್ಕಿನಲ್ಲಿ ನಾನೇ ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದೀನಿ. ಆದರೆ ನನ್ನ ತಾತ ಸಾಯೋವರೆಗೂ ತಾವ್ಬಾ ಅಂತಲೇ ಅಂದ. ನಮ್ಮ ಮನೆಯ ಈ ನೆಲದ ಹಲಗೆಗಳನ್ನು ಹಾಸಿದ್ದು ಅವನೇ.”

ಆ ಹಾಡಿನ ಹೆಸರು ‘ತೀರು ಆವ್ ಆಲ್ವರು’. ‘ಆಲ್ವು’ ಅಂದರೆ ಗುರಿ. ಅದು ಅಕ್ಷರ ಬಲ್ಲವರ ಮಾತಿನಂತೆ ಕೇಳಲಿ ಎಂದು ಯಾರೋ ‘ಆಲ್ವರು’ ಎಂದು ನಾಜೂಕು ಮಾಡಿದ ಹಾಗೆ ಇಟ್ಟ ಹೆಸರು. ಅದರಲ್ಲಿ ಕಾರು ‘ಅವ್ತೊಮೋವೆಲ್’ ಅಲ್ಲ, ‘ಅರ್ತೊಮೋರ್ವಿ’. 1960ರಲ್ಲಿ ಬರೆದ ಈ ಹಾಡನ್ನು 1973ರಲ್ಲಿ ಮಿಲಿಟರಿ ಸರ್ಕಾರದ ಸೆನ್ಸಾರ್ ತಡೆಯಿತು. ಅದರಲ್ಲಿ ರಾಜಕೀಯದ ಒಂದು ಮಾತೂ ಇರಲಿಲ್ಲ. ಇಂಥ ಪದಗಳು ಕೀಳು ಅಭಿರುಚಿ ಎಂಬುದೇ ಅವರ ಆಕ್ಷೇಪ. 1980ರಲ್ಲಿ ಎಲಿಸ್ ರೆಜಿನಾ ಅದೊನಿರಾನ್ ಜೊತೆ ಕೂಡಿ ಅದನ್ನು ಹಾಡಿ ಧ್ವನಿಮುದ್ರಿಸಿದರು. ದೇಶದ ಅತ್ಯಂತ ಪ್ರಸಿದ್ಧ ಗಾಯಕಿ ನಗುನಗುತ್ತ ‘ತಾವ್ಬಾ’ ಅಂದರು. ಬಡವರು ಪದವನ್ನು ಉಚ್ಚರಿಸುವ ರೀತಿಯೇ ಒಂದು ಸರ್ಕಾರಕ್ಕೆ ಸಹಿಸಲಾಗದ್ದಾಯಿತು ಎಂಬುದನ್ನು ನೆನೆದಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಮನೆಯೊಡತಿಯ ಕಪಾಟಿನಲ್ಲಿ ಮಾರ್ಕುಸ್ ಬಾಗ್ನು ಎಂಬ ಭಾಷಾವಿಜ್ಞಾನಿಯ ಪುಸ್ತಕವಿತ್ತು. ಆಡುಮಾತನ್ನು ಹೀಗಳೆಯುವ ಪೂರ್ವಗ್ರಹದ ಬಗ್ಗೆ 1999ರಲ್ಲಿ ಬಂದದ್ದು. ‘ಲ’ ಇರಬೇಕಾದ ಕಡೆ ‘ರ’ ಅನ್ನುವ, ಬಾಣಕ್ಕೆ ‘ಫ್ಲೇಶಾ’ ಅನ್ನದೆ ‘ಫ್ರೇಶಾ’ ಅನ್ನುವ ಹಳ್ಳಿಯವರನ್ನು ನೋಡಿ ನಗುವವರಿಗೆ ಅವರು ಒಂದು ಸಾಕ್ಷಿ ತೋರಿಸುತ್ತಾರೆ: 1572ರಲ್ಲಿ ಅಚ್ಚಾದ ಕಮೋಂಯ್ಸ್ ಮಹಾಕವಿಯ ಕಾವ್ಯದಲ್ಲೂ ಇಂಥವೇ ರೂಪಗಳಿವೆ. ಹಳ್ಳಿಯವರು ಭಾಷೆಯನ್ನು ಕೆಡಿಸಿದವರಲ್ಲ, ಹಳೆಯದನ್ನು ಉಳಿಸಿಕೊಂಡವರು.

ಇದನ್ನೆಲ್ಲ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’. ಶಿಷ್ಟ ಕನ್ನಡವನ್ನೂ ಪಾಲಿ ಗ್ರಂಥಗಳನ್ನೂ ಅರಗಿಸಿಕೊಂಡ ಪಂಡಿತರು ಹೆಂಡಗುಡುಕ ರತ್ನನ ಬಾಯಿಂದ ಹಕಾರ ಬಿಟ್ಟ, ಒತ್ತಕ್ಷರ ಸಡಿಲಿಸಿದ ಕನ್ನಡವನ್ನು ಆಡಿಸಿದರು. ಮೈಸೂರು ಅನಂತಸ್ವಾಮಿ ಅದನ್ನು ಹಾಡಿದಾಗ ಯಾರಿಗೂ ಅದು ತಪ್ಪು ಕನ್ನಡ ಅನ್ನಿಸಲಿಲ್ಲ. ಅದು ರತ್ನನ ಕನ್ನಡ. ಅವನನ್ನು ಬಲ್ಲವಳಿಗೆ ಅದೊನಿರಾನ್‌ರ ಹಾಡುಗಳ ಜನರೂ ಪರಿಚಯದವರೇ ಆದರು. ಆಮೇಲೆ ನಾನು ನಿಘಂಟನ್ನು ಬದಿಗಿಟ್ಟು ಒಂದು ನೋಟ್‌ಬುಕ್ ಮಾಡಿಕೊಂಡೆ. ಎಡಕ್ಕೆ ಪದ, ಬಲಕ್ಕೆ ಅರ್ಥದ ಬದಲು ಅದನ್ನು ಆಡುವವರು ಯಾರು ಎಂಬುದು. ‘ತಾವ್ಬಾ: ದೋನಾ ಅವರ ತಾತ.’

ಬೆಳಗಿನ ಕಾಫಿಗೆ ಮೂಲೆಯ ಪದರಿಯಾಕ್ಕೆ ಹೋಗುತ್ತಿದ್ದೆ. ಪದರಿಯಾ ಅಂದರೆ ಬೇಕರಿಯೂ ಹೌದು, ನಮ್ಮ ದರ್ಶಿನಿಯ ಹಾಗೆ ನಿಂತು ತಿನ್ನುವ ಜಾಗವೂ ಹೌದು. ಅಲ್ಲಿ ಯಾರೂ ‘ದಯವಿಟ್ಟು ನನಗೊಂದು ಕಾಫಿ ಕೊಡುವಿರಾ’ ಅನ್ನುವುದಿಲ್ಲ. ‘ಮಿ ವೆ ಉಂ ಪಿಂಗಾದು’ ಅನ್ನುತ್ತಾರೆ. ಪದಕ್ಕೆ ಪದ ಇಟ್ಟು ಹೇಳಿದರೆ ‘ನನಗೊಂದು ಪಿಂಗಾದು ನೋಡು’. ಪಿಂಗಾದು ಅಂದರೆ ಹಾಲಿಗೆ ಸ್ವಲ್ಪ ಕಾಫಿ ಬಿದ್ದದ್ದು. ಕಾಫಿ ಹಾಲು ಬೆರೆಸಿ ದೊಡ್ಡ ಲೋಟಕ್ಕೆ ಕೊಟ್ಟರೆ ‘ಮೇಜಿಯಾ’. ಜೊತೆಗೆ ಕಾವಲಿಯ ಮೇಲೆ ಬೆಣ್ಣೆ ಹಾಕಿ ಒತ್ತಿದ ‘ಪಾಂವ್ ನ ಶಾಪಾ’. ಮುಂಬಯಿಯ ಪಾವ್‌ಗೂ ಈ ಪಾಂವ್‌ಗೂ ಒಂದೇ ಮೂಲ. ವಾಕ್ಯದ ಮೊದಲಿಗೇ ‘ಮಿ’ ಬರಕೂಡದು ಎಂದು ನನ್ನ ವ್ಯಾಕರಣದ ಪುಸ್ತಕ ಒತ್ತಿ ಹೇಳಿತ್ತು. ಕವಿ ಓಸ್ವಾಲ್ಡ್ ಜಿ ಆಂದ್ರಾಜಿ 1925ರಲ್ಲೇ ಒಂದು ಪುಟ್ಟ ಕವಿತೆಯಲ್ಲಿ, ಸಿಗರೇಟು ಕೇಳುವ ಎರಡು ರೀತಿಗಳನ್ನು ಎದುರುಬದುರು ನಿಲ್ಲಿಸಿ, ಬ್ರೆಜಿಲ್ಲಿನವರು ನಿಜಕ್ಕೂ ಯಾವುದನ್ನು ಆಡುತ್ತಾರೆ ಎಂದು ತೋರಿಸಿದ್ದರು.

ಈ ಕೌಂಟರಿನ ಭಾಷೆಗೆ ನನ್ನ ಮೇಷ್ಟರು ನೊಯೆಲ್ ರೋಜಾ. ರಿಯೊ ನಗರದ ವಿಲಾ ಇಸಬೆಲ್ ಬಡಾವಣೆಯ ಈ ಹುಡುಗ ಹುಟ್ಟಿದ್ದೂ 1910ರಲ್ಲೇ, ತೀರಿಕೊಂಡದ್ದು 1937ರಲ್ಲಿ, ಕ್ಷಯದಿಂದ. ಅಷ್ಟರೊಳಗೆ ನೂರಾರು ಹಾಡು ಬರೆದಿದ್ದರು. ವಾದಿಕು ಜೊತೆ ಸೇರಿ ಕಟ್ಟಿದ 1935ರ ‘ಕೊನ್ವೆರ್ಸಾ ಜಿ ಬೊಚಿಕೀಂ’ ಹೋಟೆಲಿನಲ್ಲಿ ಕೂತವನೊಬ್ಬ ಮಾಣಿಗೆ ಒಂದರ ಮೇಲೊಂದು ಹೇಳುವ ಕೆಲಸಗಳ ಸರಮಾಲೆ. ಮೇಜಿಯಾ ತಾ, ಮತ್ತೆ ಬಿಸಿ ಮಾಡಿದ್ದು ಬೇಡ; ಬ್ರೆಡ್ಡಿಗೆ ಬೆಣ್ಣೆ ಧಾರಾಳವಾಗಿರಲಿ; ಕೈ ಒರೆಸಲು ಬಟ್ಟೆ, ತಣ್ಣೀರು; ಬಾಗಿಲು ಹಾಕು; ಫುಟ್‌ಬಾಲ್ ಏನಾಯಿತು ಕೇಳಿಕೊಂಡು ಬಾ; ಬೂದಿಬಟ್ಟಲು ತಾ; ಇಂಥವರಿಗೆ ಫೋನು ಮಾಡಿ ಕೊಡೆ ಕಳಿಸಲು ಹೇಳು. ಕೊನೆಗೆ ಸ್ವಲ್ಪ ಸಾಲವನ್ನೂ ಕೊಡು, ಬಿಲ್ಲನ್ನು ಗೂಟಕ್ಕೆ ನೇತುಹಾಕು. ಒಂದು ಹಾಡಿನಲ್ಲಿ ಹೋಟೆಲಿನ ಇಡೀ ಶಬ್ದಕೋಶ, ಜೊತೆಗೆ ಆಜ್ಞಾರ್ಥದ ಎಲ್ಲ ರೂಪಗಳು. ನಾನು ಅದನ್ನು ಮೆಟ್ರೊದಲ್ಲಿ ಸಾಲು ಸಾಲಾಗಿ ನಿಲ್ಲಿಸಿ ನಿಲ್ಲಿಸಿ ಕೇಳುತ್ತಿದ್ದೆ. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಒಂದು ಸಾಲು ಬಾಯಿಗೆ ಬರುತ್ತಿತ್ತು. ಬಿಲ್ಲನ್ನು ‘ನೇತುಹಾಕುವ’ ಆ ಮಾತು ಇಂದಿಗೂ ಬಳಕೆಯಲ್ಲಿದೆ. ಸಾವೊ ಪಾಲೊದ ಕಾನೂನು ವಿದ್ಯಾರ್ಥಿಗಳು ಆಗಸ್ಟ್ 11ರಂದು, ದೇಶದಲ್ಲಿ ಕಾನೂನು ಶಿಕ್ಷಣವನ್ನು ಸ್ಥಾಪಿಸಿದ 1827ರ ನೆನಪಿಗೆ, ಹೋಟೆಲಿನಲ್ಲಿ ಉಂಡು ಬಿಲ್ಲು ಕೊಡದೆ ಏಳುವ ಹಳೆಯ ಚೇಷ್ಟೆಗೆ ‘ಪೆಂದೂರಾ’ ಎಂದೇ ಹೆಸರು. ವಿಲಾ ಇಸಬೆಲ್ಲಿನ ಮುಖ್ಯ ರಸ್ತೆಯ ಪಾದಚಾರಿ ಹಾದಿಯಲ್ಲಿ ಕಪ್ಪು ಬಿಳಿ ಕಲ್ಲುಗಳಿಂದ ಹಳೆಯ ಹಾಡುಗಳ ಸ್ವರಲಿಪಿಯನ್ನು ಕೆತ್ತಿ ಕೂರಿಸಿದ್ದಾರೆ. ಅಲ್ಲೇ ನೊಯೆಲ್ ಮೇಜಿನ ಮುಂದೆ ಕೂತ, ಮಾಣಿ ಪಕ್ಕದಲ್ಲಿ ನಿಂತ ಕಂಚಿನ ಪ್ರತಿಮೆಯಿದೆ. ರಿಯೊಗೆ ಹೋದಾಗ ಸಮುದ್ರತೀರಕ್ಕಿಂತ ಮೊದಲು ಅದನ್ನು ನೋಡಲು ಹೋದೆ.

ನಮ್ಮ ಕಟ್ಟಡದ ವಾಚ್‌ಮನ್ ಈಶಾನ್ಯದ ಪೆರ್ನಂಬುಕು ರಾಜ್ಯದ ಒಳನಾಡಿನವರು. ಆ ಬರಪೀಡಿತ ಒಣನೆಲಕ್ಕೆ ಸೆರ್ತಾಂವ್ ಎಂದು ಹೆಸರು. ಮರ್ಯಾದೆಗೆ ಅವರ ಹೆಸರಿಗೆ ಮೊದಲು ‘ಸೇವು’ ಹಚ್ಚಿ ಕರೆಯುತ್ತಿದ್ದೆ. ಅವರು ನನ್ನನ್ನು ‘ಸೆನ್ಯೋರಾ’ ಅನ್ನುತ್ತಿದ್ದರು. ನನಗೆ ಪಾರ್ಸೆಲ್ ಬಂದಾಗ ಇಂಟರ್‌ಕಾಮಿನಲ್ಲಿ ನನ್ನ ಉದ್ದನೆಯ ಕನ್ನಡದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳುವರು. ಪುಸ್ತಕದಲ್ಲಿ ‘ಎಮಿ’, ‘ಎನಿ’, ‘ಎಲಿ’ ಎಂದು ಕಲಿತ ಅಕ್ಷರಗಳು ಅವರ ಬಾಯಲ್ಲಿ ‘ಮೆ’, ‘ನೆ’, ‘ಲೆ’ ಆಗಿದ್ದವು. ಹೀಗೇಕೆ ಎಂದು ಕೇಳಿದ್ದಕ್ಕೆ ಅವರು ಫೋನಿನಲ್ಲಿ ಲುಯಿಸ್ ಗೊಂಜಾಗಾ ಅವರ 1953ರ ‘ಆಬೇಸೇ ದು ಸೆರ್ತಾಂವ್’ ಹಾಕಿದರು. ತಮ್ಮ ನಾಡಿನಲ್ಲಿ ಅಕ್ಷರಗಳಿಗೆ ಬೇರೆ ಹೆಸರಿದೆ ಎಂದು ಒಂದೊಂದನ್ನೇ ಹಾಡಿ ಕಲಿಸುವ ಹಾಡು ಅದು. ಅಕ್ಷರದ ಹೆಸರೂ ಅದರ ಸದ್ದೂ ಹತ್ತಿರವಿರುವುದು ಕನ್ನಡದಲ್ಲಿ ಕಲಿತವಳಿಗೆ ತೀರಾ ಸಹಜ. ಆಮೇಲೆ ಅವರೊಡನೆ ಮಾತಾಡುವಾಗ ನಾನೂ ‘ಮೆ, ನೆ’ ಅನ್ನತೊಡಗಿದೆ. ಅವರಿಗೆ ಅದು ಬಹಳ ಇಷ್ಟವಾಗುತ್ತಿತ್ತು.

ಗೊಂಜಾಗಾ 1912ರಲ್ಲಿ ಪೆರ್ನಂಬುಕುವಿನ ಎಶೂ ಎಂಬ ಊರಲ್ಲಿ ಹುಟ್ಟಿದವರು. ತಲೆಗೆ ತೊಗಲಿನ ಟೋಪಿ, ಎದೆಗೆ ಅಕಾರ್ಡಿಯನ್. ಉಂಬೆರ್ತು ತೇಯ್ಶೇರಾ ಜೊತೆ ಕಟ್ಟಿದ 1947ರ ‘ಆಜಾ ಬ್ರಾಂಕಾ’ದಲ್ಲಿ ಬರಕ್ಕೆ ಹೆದರಿ ಪಾರಿವಾಳವೂ ಊರು ಬಿಡುತ್ತದೆ. ವಾಚ್‌ಮನ್ ಅದನ್ನು ಗುನುಗುವಾಗ ಹೂವಿಗೆ ‘ಫ್ಲೋರ್’ ಅನ್ನದೆ ‘ಫುಲೋ’ ಅನ್ನುವ, ಹೆಂಗಸಿಗೆ ‘ಮುಲ್ಯೇರ್’ ಅನ್ನದೆ ‘ಮುಯೆ’ ಅನ್ನುವ ತಮ್ಮ ಊರಿನ ಮಾತನ್ನೂ ಹೇಳಿಕೊಡುತ್ತಿದ್ದರು. ನನ್ನ ನೋಟ್‌ಬುಕ್ಕಿನ ಬಲಬದಿ ಎಷ್ಟು ಮುಖ್ಯ ಎಂಬುದು ತಿಳಿದದ್ದೂ ಅವರಿಂದಲೇ. ಗೊಂಜಾಗಾ ಅವರ ಇನ್ನೊಂದು ಹಾಡಿನ ಹೆಸರು ‘ಪಾವ್ ಜಿ ಅರಾರಾ’: ಮೊದಲಿಗೆ ಮಾರಲು ಒಯ್ಯುವ ಗಿಳಿಗಳನ್ನು ಕೂರಿಸುವ ಕೋಲು, ಆಮೇಲೆ ಹಲಗೆಯ ಮೇಲೆ ಜನರನ್ನು ತುಂಬಿ ದಕ್ಷಿಣದ ನಗರಗಳಿಗೆ ತರುತ್ತಿದ್ದ ಲಾರಿ, ಕೊನೆಗೆ ಆ ಲಾರಿಯಲ್ಲಿ ಬಂದ ಮನುಷ್ಯ. “ನನ್ನಪ್ಪ ಬಂದದ್ದು ಅದರಲ್ಲೇ,” ಎಂದರು ವಾಚ್‌ಮನ್. “ನಾನು ಆ ಮಾತನ್ನು ಆಡಬಹುದು, ನನ್ನ ಅಣ್ಣತಮ್ಮಂದಿರು ಆಡಬಹುದು. ಇಲ್ಲಿನವರು ಯಾರಾದರೂ ನನಗೆ ಹಾಗಂದರೆ ಅದು ಹೊಡೆದ ಲೆಕ್ಕ, ಸೆನ್ಯೋರಾ.” ಈಶಾನ್ಯದ ಯಾವ ರಾಜ್ಯದವರೇ ಆಗಲಿ, ಸಾವೊ ಪಾಲೊದಲ್ಲಿ ಅವರನ್ನೆಲ್ಲ ‘ಬಯಾನು’, ಬಯೀಯಾದವ, ಎಂದು ತಾತ್ಸಾರದಿಂದ ಕರೆಯುವ ಚಾಳಿಯನ್ನೂ ಅವರೇ ತಿಳಿಸಿದರು. ನಿಘಂಟಿನಲ್ಲಿ ಅದಕ್ಕಿರುವ ಮೊದಲ ಅರ್ಥ ಬರೀ ಒಂದು ರಾಜ್ಯದವನು ಎಂದಷ್ಟೇ.

ಪದಕ್ಕೆ ವಯಸ್ಸೂ ಇರುತ್ತದೆ. ಚೆಲುವೆಗೆ ‘ಬ್ರೋತು’, ಚಿಗುರು, ಅನ್ನುವುದು, ಕಾರಿಗೆ ‘ಕರಾಂಗು’ ಅನ್ನುವುದು 1965ರಿಂದ 1968ರವರೆಗೆ ಟಿವಿ ರೆಕಾರ್ಡ್‌ನಲ್ಲಿ ಭಾನುವಾರ ಬರುತ್ತಿದ್ದ ‘ಜೋವೆಂ ಗ್ವಾರ್ದಾ’ ಕಾರ್ಯಕ್ರಮದ ಕಾಲದ ಮಾತು. ಅದರ ಗಾಯಕ ರೊಬೆರ್ತು ಕಾರ್ಲುಸ್ ಆಗ ಹುಡುಗ. ಮನೆಯೊಡತಿಯ ಬಾಯಲ್ಲಿ ಆ ಮಾತು ಬಂದರೆ ಅವರ ಹದಿಹರೆಯ ಕಣ್ಣಿಗೆ ಕಟ್ಟುತ್ತಿತ್ತು.

ಶಿಕು ಬುವಾರ್ಕಿಯ ಹಾಡುಗಳಿಂದ ನನಗೆ ಬಂದದ್ದು ಕಿವಿ. 1971ರ ‘ಕೊನ್ಸ್‌ತ್ರುಸಾಂವ್’ನಲ್ಲಿ ಪ್ರತಿ ಸಾಲೂ ಕೊನೆಯಿಂದ ಮೂರನೆಯ ಅಕ್ಷರದ ಮೇಲೆ ಒತ್ತು ಬೀಳುವ ಪದದಿಂದ ಮುಗಿಯುತ್ತದೆ. ಅದನ್ನು ನಾಲ್ಕಾರು ಸಲ ಜೊತೆಗೆ ಹಾಡಿದರೆ ಒತ್ತು ಎಲ್ಲಿ ಎಂಬ ಗೊಂದಲವೇ ಉಳಿಯುವುದಿಲ್ಲ. ಜಿಲ್ಬೆರ್ತು ಜಿಲ್ ಜೊತೆ ಬರೆದ ‘ಕಾಲಿಸಿ’ಯ ಕಥೆ ದೊಡ್ಡದು: ಪಾನಪಾತ್ರೆ ಎಂಬ ಪದವೂ ‘ಬಾಯಿ ಮುಚ್ಚು’ ಎಂಬ ಮಾತೂ ಬ್ರೆಜಿಲ್ಲಿನ ಬಾಯಲ್ಲಿ ಒಂದೇ ಥರ ಕೇಳಿಸುತ್ತವೆ. 1973ರಲ್ಲಿ ಇಬ್ಬರೂ ವೇದಿಕೆಯಲ್ಲಿ ಅದನ್ನು ಹಾಡಲು ಹೊರಟಾಗ ಮೈಕುಗಳನ್ನು ಬಂದ್ ಮಾಡಿದರು. ಅದು ರೆಕಾರ್ಡಾಗಿ ಹೊರಬಂದದ್ದು 1978ರಲ್ಲಿ. ಜೋರ್ಜಿ ಬೆನ್ 1969ರ ‘ಪಾಯಿಸ್ ತ್ರೊಪಿಕಾಲ್’ ಹಾಡಿನ ಕೊನೆಗೆ ಪದಗಳ ಬಾಲ ಕತ್ತರಿಸಿ ಬರೀ ತಲೆಗಳನ್ನು ಹಾಡುತ್ತಾರೆ. ಕೇಳುವವರಿಗೆ ಅಷ್ಟರಲ್ಲೇ ಎಲ್ಲ ತಿಳಿಯುತ್ತದೆ. ಅಂತೂ ಒಂದು ದಿನ ನನಗೂ ಪೂರ್ತಿ ತಿಳಿಯಿತು. ಆ ದಿನದ ಖುಷಿಯನ್ನು ಮರೆತಿಲ್ಲ.

ಊಟದ ಹೊತ್ತಿನಲ್ಲಿ ಅತ್ಯಂತ ಕಷ್ಟದ ಭಾಷೆ ಆಡುತ್ತಿದ್ದವನು ನಮ್ಮ ತಂಡದ ಒಬ್ಬ ಕಿರಿಯ ಹುಡುಗ. ನಗರದ ದಕ್ಷಿಣ ತುದಿಯ ಕಪಾಂವ್ ರೆದೊಂದುದವನು. ಆಫೀಸಿಗೆ ಬರಲು ಎರಡು ಬಸ್ಸು, ಒಂದು ಮೆಟ್ರೊ. ಅವನಿಗೆ ರಸಿಯೊನಾಯ್ಸ್ ಎಂಸೀಸ್ ರ‍್ಯಾಪ್ ತಂಡವೆಂದರೆ ಪ್ರಾಣ. ತಂಡದ ಮಾನು ಬ್ರೌನ್ ಅವನ ಬಡಾವಣೆಯವರೇ. 1997ರ ‘ಸೊಬ್ರೆವಿವೆಂದು ನು ಇನ್ಫೆರ್ನು’ ಆಲ್ಬಮ್ಮನ್ನು ಅವನು ನನಗೆ ಹಾಡು ಹಾಡಾಗಿ ಬಿಡಿಸಿ ಹೇಳಿದ. 1992ರ ಅಕ್ಟೋಬರ್ 2ರಂದು ಕರಾಂದಿರು ಜೈಲಿನಲ್ಲಿ ಪೊಲೀಸರು 111 ಕೈದಿಗಳನ್ನು ಕೊಂದದ್ದರ ಬಗ್ಗೆ ಅದರಲ್ಲೊಂದು ಹಾಡಿದೆ. ಅದನ್ನು ಮಾನು ಬ್ರೌನ್ ಜೊತೆ ಬರೆದವನು ಆ ಜೈಲಿನಲ್ಲಿದ್ದ ಕೈದಿ. ಅದನ್ನು ವಿವರಿಸುವಾಗ ಹುಡುಗ ಪದಗಳ ಅರ್ಥ ಹೇಳುವುದನ್ನು ನಿಲ್ಲಿಸಿ ಸುಮ್ಮನಾದ. ನಾನೂ ಕೇಳಲಿಲ್ಲ.

ಅವನಿಂದ ಬಂದ ಪದಗಳು ನನ್ನ ನೋಟ್‌ಬುಕ್ಕಿನಲ್ಲಿ ಹಲವು ಪುಟ. ಅಂಚಿನ ಬಡ ಬಡಾವಣೆಗೆ ‘ಕೆಬ್ರಾದಾ’, ಮುರಿದದ್ದು. ತಕರಾರಿಗೆ ‘ತ್ರೇತಾ’. ಗೆಳೆಯನಿಗೆ ‘ಮಾನು’, ಇನ್ನೂ ಹತ್ತಿರದವನಾದರೆ ಒಂದು ಜಾತಿಯ ಮೀನಿನ ಹೆಸರಾದ ‘ತ್ರೂತಾ’. ಚೆನ್ನಾಗಿದೀಯಾ ಅನ್ನಲು ‘ಫಿರ್ಮೇಜಾ’. ಗೊತ್ತಾಯ್ತಾ ಅನ್ನಲು ‘ತಾ ಲಿಗಾದು’. ಇವನ್ನೆಲ್ಲ ಅರ್ಥ ಮಾಡಿಕೊಂಡೆ, ಆದರೆ ‘ಕೆಬ್ರಾದಾ’ವನ್ನು ನಾನಾಗಿ ಎಂದೂ ಬಳಸಲಿಲ್ಲ. ಅಲ್ಲಿ ಹುಟ್ಟಿ ಬೆಳೆದವರು ಪ್ರೀತಿಯಿಂದ ಆಡುವ ಮಾತು ಅದು. ನಗರದ ನಡುವೆ ಇದ್ದ ನನ್ನ ಬಾಯಲ್ಲಿ ಅದೇ ಪ್ರೀತಿ ಬರುವುದಿಲ್ಲ. 2018ರಲ್ಲಿ ಕಂಪೀನಾಸ್‌ನ ಸರ್ಕಾರಿ ವಿಶ್ವವಿದ್ಯಾಲಯ ಯೂನಿಕಾಂಪ್, ತನ್ನ ಪ್ರವೇಶ ಪರೀಕ್ಷೆಯ ಓದಿನ ಪಟ್ಟಿಗೆ ಈ ಆಲ್ಬಮ್ಮನ್ನು ಸೇರಿಸಿತು. ಕಮೋಂಯ್ಸ್ ಇದ್ದ ಪಟ್ಟಿಯಲ್ಲೇ ಕಪಾಂವ್ ರೆದೊಂದುವಿನ ಮಾನು ಬ್ರೌನ್ ತಂಡ. ಸುದ್ದಿ ಬಂದ ದಿನ ಅವನು ಇಡೀ ತಂಡಕ್ಕೆ ಕಾಫಿ ಕುಡಿಸಿದ.

ಅವನೇ ಒಂದು ಸೋಮವಾರ ರಾತ್ರಿ ನನ್ನನ್ನು ಸಾಂತು ಅಮಾರುವಿನ ‘ಸಾಂಬಾ ದ ವೇಲಾ’ಕ್ಕೆ ಕರೆದುಕೊಂಡು ಹೋದ. 2000ದಲ್ಲಿ ಶುರುವಾದ ಕೂಟ. ನಡುವೆ ಒಂದು ಮೇಣದಬತ್ತಿ ಹಚ್ಚುತ್ತಾರೆ, ಅದು ಉರಿದು ಮುಗಿಯುವವರೆಗೆ ಸಾಂಬಾ. ಹೊಸ ಹೊಸ ಕವಿಗಳು ತಮ್ಮ ಹಾಡು ತರುತ್ತಾರೆ. ಕೇಳಲು ಬಂದವರ ಕೈಗೂ ಹಾಡುಗಳ ಪುಸ್ತಿಕೆ ಕೊಡುತ್ತಾರೆ, ಎಲ್ಲರೂ ಒಟ್ಟಿಗೆ ಹಾಡಲಿ ಎಂದು. ನನ್ನ ಪಕ್ಕ ಕೂತಿದ್ದ ಹೆಂಗಸು, ನನಗಿಂತ ಹಿರಿಯರು, ನಾನು ಪದಗಳ ಮೇಲೆ ಬೆರಳಿಟ್ಟು ಓದುವುದನ್ನು ನೋಡಿ ತಾವೂ ಬೆರಳಿಟ್ಟು ನನಗಾಗಿ ನಿಧಾನ ಮಾಡಿ ಹಾಡಿದರು. ಒಂದು ಹಾಡಿನಲ್ಲಿ ‘ಕಫುನೆ’ ಬಂತು. ಕೇಳುವ ಮೊದಲೇ ಅವರು ಕೈ ಚಾಚಿ ನನ್ನ ತಲೆಗೂದಲಲ್ಲಿ ಮೆಲ್ಲಗೆ ಬೆರಳಾಡಿಸಿ ತೋರಿಸಿದರು. ಅಂಗೋಲಾದಿಂದ ಹಿಡಿದು ತಂದ ಗುಲಾಮರ ಕಿಂಬುಂದು ಭಾಷೆಯಿಂದ ಬಂದ ಪದ ಅದು. ಮನೆಯ ಕಿರಿಯ ಮಗುವಿಗೆ ಅನ್ನುವ ‘ಕಸೂಲಾ’, ಪೋರನಿಗೆ ಅನ್ನುವ ‘ಮೊಲೇಕಿ’ ಕೂಡ ಅಲ್ಲಿಯವೇ. ಎಲ್ಲವನ್ನೂ ಕಿತ್ತುಕೊಂಡ ಮೇಲೂ ಆ ಗುಲಾಮರು ಯಜಮಾನರ ಭಾಷೆಗೆ ಮಕ್ಕಳನ್ನು ಮುದ್ದಿಸುವ ಮಾತುಗಳನ್ನು ಕೊಟ್ಟರು.

ನಾನು ಊರಿಗೆ ಮರಳಿದ ಮೇಲೆ ಆ ಕಪಾಂವ್ ರೆದೊಂದುವಿನ ಹುಡುಗ ಕೆಲಸದ ಮೇಲೆ ಬೆಂಗಳೂರಿಗೆ ಬಂದಿದ್ದ. ಆಟೊದಲ್ಲಿ ಹೋಗುತ್ತಿದ್ದಾಗ ಚಾಲಕ ಹಾಕಿದ್ದ ಸಿನಿಮಾ ಹಾಡಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಪದವನ್ನು ಹಿಡಿದು, “ಗುರು ಅಂದರೆ?” ಎಂದ. ಮೇಷ್ಟರು ಅಂದೆ. ಅವನು ತಲೆಯಲ್ಲಾಡಿಸಿದ. “ಈ ಹಾಡಿನಲ್ಲಿ ಅದು ಮೇಷ್ಟರಲ್ಲ. ಯಾರು ಯಾರಿಗೆ ಹೇಳೋದು, ಅದನ್ನು ಹೇಳು.” ಸಮವಯಸ್ಕರು ಸಮವಯಸ್ಕರಿಗೆ, ಬೆಂಗಳೂರು ಮೈಸೂರು ಕಡೆ, ‘ಮಗಾ’ ಅಂದರೆ ಇನ್ನೂ ಸಲಿಗೆ, ಹುಬ್ಬಳ್ಳಿಗೆ ಹೋದರೆ ‘ದೋಸ್ತ’, ನಮ್ಮ ಕುಂದಾಪುರದಲ್ಲಿ ‘ಮಾರಾಯ’, ಮ್ಯಾನೇಜರಿಗೆ ಇವ್ಯಾವುದೂ ಬೇಡ ಎಂದೆ. ಅವನು ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡ. ಮರುದಿನ ಕ್ಯಾಂಟೀನಿನಲ್ಲಿ ತನ್ನ ವಯಸ್ಸಿನ ಹುಡುಗನೊಬ್ಬನ ಹತ್ತಿರ ಹೋಗಿ “ಊಟ ಆಯ್ತಾ ಗುರು?” ಎಂದು ಕೇಳಿದ. ಆ ಹುಡುಗ “ಇಲ್ಲ ಗುರು, ಬಾ ಕೂತ್ಕೋ” ಎಂದು ತಟ್ಟೆ ಸರಿಸಿ ಜಾಗ ಮಾಡಿಕೊಟ್ಟ.